ಬಾಬಿನ್ನಿನ ಎಡ ಹಿಂಗಾಲು

ನಲ್ಲಿಗೆ ನೀರು ಬಂದ ಬೆಳಗ್ಗೆ ನಮ್ಮ ಓಣಿಯಲ್ಲಿ ಯಾರಿಗೂ ಬೇರೆ ಕೆಲಸವಿರುವುದಿಲ್ಲ. ಅವತ್ತು ನಾಲ್ಕು ದಿನದ ಮೇಲೆ ಬಂದಿತ್ತು. ಹಂಡೆ ತುಂಬಿಸಿ, ಡ್ರಮ್ಮಿಗೆ ಪೈಪು ಬಿಟ್ಟು, ಮೂರನೆಯ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಗಂಗೋತ್ರಿ ಕರೆದಳು. ಕೂಗಲಿಲ್ಲ, ಮೆಲ್ಲಗೆ ಕರೆದಳು. ಒಂಬತ್ತು ವರ್ಷದ ನನ್ನ ಮಗಳು ದಿನಕ್ಕೆ ಹತ್ತು ಸಲ ಕೂಗುತ್ತಾಳೆ, ಅದಕ್ಕೆಲ್ಲ ನಾನು ಕೊಡ ಇಳಿಸುವುದಿಲ್ಲ. ಈ ದನಿಗೆ ಇಳಿಸಿದೆ.

“ಅಮ್ಮ, ಬಾಬಿನ್ ಮೂರ ಕಾಲಿಲೆ ನಡೀಲಿಕತ್ತದ,” ಎಂದಳು.

ಬಾಬಿನ್ ನಮ್ಮ ನಾಯಿ. ಬಿಳಿ ಕೂದಲಿನ, ಮೊಣಕಾಲೆತ್ತರದ ಪಾಮೇರಿಯನ್ ಜಾತಿಯದು. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಗೋವರ್ಧನ್, ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಮರಿಯೆಂದು ಅದನ್ನು ಮಡಕಶಿರಾ ಹತ್ತಿರದ ನನ್ನ ತವರಿಗೆ ತಂದಿದ್ದ. ಅಪ್ಪ ರೇಷ್ಮೆ ಹುಳು ಸಾಕುವವರು. ಹುಳುವಿನ ತಟ್ಟೆಯಲ್ಲಿ ನಾಯಿಕೂದಲು ಕಂಡ ದಿನವೇ ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ನಮ್ಮೂರು ರಾಯದುರ್ಗದ ಬಸ್ಸು ಹತ್ತಿದರು. ನಮ್ಮ ಮನೆಗೆ ಬಂದ ಮೊದಲ ದಿನ ಅದು ಹೊಲಿಗೆ ಮಷೀನಿನ ಕೆಳಗೆ ದಾರ ಸುತ್ತಿದ ಬಾಬಿನ್ನಿನ ಹಾಗೆ ದುಂಡಗೆ ಮಲಗಿತ್ತು. ಹೆಸರು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ.

ನಾನು ಒಳಗೆ ಹೋಗಿ ನೋಡಿದರೆ ನಿಜವೇ. ಎಡ ಹಿಂಗಾಲನ್ನು ಹೊಟ್ಟೆಗೆ ಮಡಿಚಿಕೊಂಡು ಮೂರು ಕಾಲಲ್ಲಿ ಕುಪ್ಪಳಿಸುತ್ತಿತ್ತು. ನಾಲ್ಕು ಹೆಜ್ಜೆ ಹಾಗೆ ಹೋಗಿ, ಆ ಕಾಲನ್ನು ಹಿಂದಕ್ಕೆ ಒಮ್ಮೆ ಝಾಡಿಸಿ, ಏನೂ ಆಗದವರಂತೆ ನಾಲ್ಕೂ ಕಾಲಲ್ಲಿ ನನ್ನತ್ತ ಓಡಿಬಂತು. ನನಗೆ ನಗು ಬಂತು. ಗಂಗೋತ್ರಿ ನಗಲಿಲ್ಲ. ಮೂರು ದಿನದಿಂದ ಹೀಗೇ ಮಾಡುತ್ತಿದೆ, ಹೇಳಿದರೆ ಬೈಯುತ್ತೀಯೆಂದು ಹೇಳಲಿಲ್ಲ ಎಂದಳು. ಬೈಯಲು ಕಾರಣವಿತ್ತು. ನಾನು ಮನೆಯಲ್ಲಿ ಕೂತು ಜೀನ್ಸ್ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸಿ ಕೊಡುವವಳು. ಇಪ್ಪತ್ತಿಪ್ಪತ್ತರ ಕಟ್ಟುಗಳು ಗೋಡೆಗೆ ಎದೆಮಟ್ಟ ಏರಿರುತ್ತವೆ. ಬಾಬಿನ್ನನ್ನು ಅವುಗಳ ತುದಿಗೆ ಹತ್ತಿಸಿ, ಕೆಳಗೆ ನಿಂತು ಚಪ್ಪಾಳೆ ತಟ್ಟಿ ಧುಮುಕಿಸುವುದು ಅವಳ ಆಟವಾಗಿತ್ತು. ನೆಲ ನುಣ್ಣನೆಯ ಬಂಡೆ.

ಅಷ್ಟರಲ್ಲಿ ಡ್ರಮ್ಮು ತುಂಬಿ ನೀರು ಓಣಿಗೆ ಹರಿಯಿತು. ಪಕ್ಕದ ಮನೆಯ ಸರ್ವಮಂಗಳಮ್ಮ ನನ್ನ ಪೈಪನ್ನು ತಾವೇ ಕಿತ್ತು ತಮ್ಮ ಡ್ರಮ್ಮಿಗೆ ಹಾಕಿಕೊಂಡರು. ಅದನ್ನು ಕೇಳಲೂ ನಾನು ಹೋಗಲಿಲ್ಲ.

ಸಂಜೆ ನನ್ನ ಯಜಮಾನರಾದ ಅಂಜಿನಿಯವರು ಕಾರ್ಖಾನೆಯಿಂದ ಬೇಗ ಬಂದರು. ಅವರು ಜೀನ್ಸ್ ಕಟಿಂಗ್ ಮಾಸ್ಟರು. ಮೂವರೂ ನಾಯಿಯನ್ನೆತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿ ಇಪ್ಪತ್ತು ಕುರಿ, ಒಂದು ಎಮ್ಮೆ ನಮಗಿಂತ ಮುಂಚೆ ಬಂದಿದ್ದವು. ಡಾಕ್ಟರ್ ಗಾದಿಲಿಂಗಪ್ಪನವರು ಬಾಬಿನ್ನಿನ ಸರದಿ ಬಂದಾಗ ಕೈ ತೊಳೆದುಕೊಂಡು, ಅದನ್ನು ಮೇಜಿನ ಮೇಲೆ ಮಲಗಿಸಿ, ಮಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಮಂಡಿಯ ಚಿಪ್ಪು ಎಲುಬಿನ ಮೇಲಿನ ಒಂದು ತೋಡಿನಲ್ಲಿ ಮೇಲೆ ಕೆಳಗೆ ಜಾರಬೇಕಂತೆ. ಇದರದು ಪಕ್ಕಕ್ಕೆ ಜಾರಿ, ಕಾಲು ಝಾಡಿಸಿದಾಗ ಮತ್ತೆ ಜಾಗಕ್ಕೆ ಬರುತ್ತದೆ.

“ಜಿಪ್ಪಿನ ರನ್ನರ್ ಹಲ್ಲು ತಪ್ಪಿದಂಗಾತಲ್ರಿ,” ಎಂದರು ಯಜಮಾನರು.

“ಬರೋಬ್ಬರಿ ಹಂಗ,” ಎಂದು ಡಾಕ್ಟರು ಖುಷಿಯಾದರು.

ಇದಕ್ಕೆ ನಾಲ್ಕು ಹಂತಗಳಿವೆಯೆಂದರು. ಒಂದನೆಯದಕ್ಕೆ ಏನೂ ಬೇಡ, ನಾಲ್ಕನೆಯದಕ್ಕೆ ಆಪರೇಷನ್ ಬಿಟ್ಟು ದಾರಿಯಿಲ್ಲ, ಇದು ಎರಡನೆಯದು. ಆಪರೇಷನ್ ಇಲ್ಲಿ ಆಗುವುದಿಲ್ಲ, ತಿರುಪತಿಗೆ ಹೋಗಬೇಕು, ಆಮೇಲೆ ಎರಡು ತಿಂಗಳು ಕಟ್ಟಿಹಾಕಬೇಕು. ತಾವು ಈಗಲೇ ಬರೆದುಕೊಡುವುದಿಲ್ಲ. ಆರು ವಾರ ನೋಡೋಣ. ಜಿಗಿಯಬಾರದು, ನುಣ್ಣನೆಯ ನೆಲದಲ್ಲಿ ಓಡಬಾರದು, ದಿನಕ್ಕೆ ಎಷ್ಟು ಸಲ ಕಾಲು ಮಡಿಚುತ್ತದೆ ಎಂದು ಲೆಕ್ಕ ಇಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ತೂಕ ಇಳಿಯಬೇಕು. ಅವರ ತೂಕದ ಕಾಟಾದಲ್ಲಿ ಅದು ಏಳು ಕೆಜಿ ನಾನೂರು ಗ್ರಾಂ ಬಂತು. ಆರೂವರೆಗೆ ಬರಲಿ ಎಂದರು. ಮೂರನೆಯ ವಾರ ಒಮ್ಮೆ, ಆರನೆಯ ವಾರ ಒಮ್ಮೆ ತೋರಿಸಿ. ಇಳಿಯದೆ ಕುಂಟು ಹೆಚ್ಚಾದರೆ ತಿರುಪತಿಯೇ.

ಗಂಗೋತ್ರಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಜಮಾನರು ತಿರುಪತಿ ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುತ್ತಾರೋ ಇಲ್ಲವೋ ಎಂದು ವಿಚಾರಿಸತೊಡಗಿದ್ದರು.

ಮಾರನೆಯ ದಿನವೇ ನನ್ನ ಅತ್ತೆ ಪಾಲಮ್ಮ ಗುಮ್ಮಘಟ್ಟದಿಂದ ಶೇರ್ ಆಟೋದಲ್ಲಿ ಬಂದಿಳಿದರು. ಅಲ್ಲಿ ನನ್ನ ಭಾವನವರ ಜೊತೆ ಎಂಬತ್ತು ಕುರಿ ನೋಡಿಕೊಂಡಿರುವವರು. ನಾಯಿಗೆ ಆಪರೇಷನ್ ಎಂಬ ಸುದ್ದಿ ಅವರನ್ನು ಅಲ್ಲಿಂದ ಎಬ್ಬಿಸಿತ್ತು. ಚೀಲದಲ್ಲಿ ಬಿದಿರಿನ ದಬ್ಬೆ, ಔಡಲ ಎಲೆ, ಒಂದು ಸೇರು ಹುರುಳಿ. ಕುರಿಮರಿಗಳ ಮುರಿದ ಕಾಲುಗಳನ್ನು ಎಷ್ಟೋ ಕಟ್ಟಿ ನಡೆಸಿದ ಕೈ ಅದು. ಬಾಬಿನ್ನಿನ ಮಂಡಿಯನ್ನು ಹಿಡಿದು, ಕಣ್ಣು ಮುಚ್ಚಿ, ಹೊತ್ತು ತಗೊಂಡು ನೋಡಿದರು. ಆಮೇಲೆ ದಬ್ಬೆಯನ್ನು ಸುಮ್ಮನೆ ಚೀಲಕ್ಕೆ ಹಾಕಿದರು. ಮುರಿದಿಲ್ಲ, ಕಟ್ಟುವಂಥದ್ದಲ್ಲ ಎಂದರು. ಅಷ್ಟಕ್ಕೇ ಬಿಡದೆ ನಾಯಿಯ ಬೆನ್ನ ಮೇಲೆ ಕೈಯಿಟ್ಟು, ಸಂತೆಯಲ್ಲಿ ಟಗರು ನೋಡುವ ಹಾಗೆ ಸೊಂಟ ಒತ್ತಿದರು. ಎಲುಬು ಕೈಗೆ ಸಿಗದಷ್ಟು ಮೈ ತುಂಬಿತ್ತು.

“ಸೊಂಟ ಭೇಷ್ ಅದ. ಇದಕ್ಕ ರೋಗ ಅಂತ ಯಾವ ಡಾಕ್ಟರ್ ಹೇಳ್ದ?”

ಅವರ ಲೆಕ್ಕದಲ್ಲಿ ಮೈ ತುಂಬಿದ ಪ್ರಾಣಿ ಗಟ್ಟಿ ಪ್ರಾಣಿ. ಅದರ ತೂಕ ಇಳಿಸುವುದೆಂದರೆ ಬೇಕೆಂದೇ ಬಡವು ಮಾಡುವುದು. ರಾತ್ರಿ ರೊಟ್ಟಿ ಬಡಿಯುವಾಗ ನಾನು ಡಾಕ್ಟರ ಮಾತನ್ನು ಎರಡು ಸಲ ಬಿಡಿಸಿ ಹೇಳಿದೆ. ಅವರು ಎರಡು ಸಲವೂ ಹ್ಞೂಂ ಎಂದು, ತಮ್ಮ ರೊಟ್ಟಿಯ ತುದಿ ಮುರಿದು ಕೆಳಗೆ ಹಾಕಿದರು.

ಅದೇ ರಾತ್ರಿ ಗೋವರ್ಧನ್ ಫೋನು ಮಾಡಿದ. ಕಾಲು ಮಡಿಚುವ ವಿಡಿಯೋ ನೋಡಿ ಅವನಿಗೆ ತಡೆಯಲಾಗಿರಲಿಲ್ಲ. ಸ್ಪೀಕರಿನಲ್ಲಿ ಹಾಕಿದ್ದೆವು.

“ಅಕ್ಕ, ನಮ್ ಮ್ಯಾನೇಜರ್ ಮನೆ ನಾಯಿಗೂ ಇದೇ ಆಗಿತ್ತು. ಮಾಡ್ಸಿದ್ರು, ಈಗ ಮೂರು ಮಹಡಿ ಹತ್ತುತೈತೆ. ನೀವು ಆರು ವಾರ ಸುಮ್ಕೆ ಕುಂತ್ರೆ ಹೆಂಗೆ?”

“ನಿಮ್ಮ ಮಡಕಶಿರದವ್ರು ರೇಷ್ಮಿ ಹುಳಕ್ಕೂ ಜ್ವರ ನೋಡೋರು,” ಎಂದರು ಅತ್ತೆ. “ನನ್ನ ಮಾತು ಕೇಳ್ರಿ. ಇದನ್ನ ಗುಮ್ಮಘಟ್ಟಕ್ಕ ಕಳಸ್ರಿ. ಕುರಿ ಹಿಂದ ಮಣ್ಣಾಗ ತಿರುಗಿದ್ರ ಚಿಪ್ಪು ತಾನಾ ಕುಂದರ್ತದ.”

“ಅತ್ತೆಮ್ಮ, ಅದು ಕುರಿ ನೋಡಿದ್ರೆ ಮಂಚದ ಕೆಳಗೆ ಸೇರ್ಕಂತೈತೆ,” ಎಂದ ಗೋವರ್ಧನ್.

ಹೀಗೆ ಮೂರು ದಾರಿಯಾದವು. ತಮ್ಮನಿಗೆ ತಿರುಪತಿ, ಅತ್ತೆಗೆ ಗುಮ್ಮಘಟ್ಟ, ನನಗೆ ಡಾಕ್ಟರು ಹೇಳಿದ ಆರು ವಾರ. ಯಜಮಾನರು ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಕಡೆ. ಗಂಗೋತ್ರಿ ಮಾತ್ರ ಯಾವ ಕಡೆಯೂ ಇರಲಿಲ್ಲ. ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಒಬ್ಬೊಬ್ಬರು ಮಾತಾಡುವಾಗ ಅವರವರ ಬಾಯಿ ನೋಡುತ್ತಿದ್ದಳು.

ಮೊದಲು ನೆಲದ ಕೆಲಸ ಹಿಡಿದೆವು. ಕಾರ್ಖಾನೆಯಲ್ಲಿ ಬಣ್ಣ ತಪ್ಪಿದ್ದಕ್ಕೆ ಬೇಡವಾದ ಜೀನ್ಸ್ ತುಂಡುಗಳನ್ನು ಯಜಮಾನರು ಕೇಳಿ ತಂದರು. ಅಳತೆ ಹಾಕಿ, ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ತಿರುವುಗಳ ಸಮೇತ ಕತ್ತರಿಸಿದರು. ಪ್ಯಾಂಟಿನ ಸೊಂಟಪಟ್ಟಿ ಕತ್ತರಿಸುವಾಗ ಇಷ್ಟು ಜೋಪಾನ ಮಾಡುತ್ತಾರೋ ಇಲ್ಲವೋ. ನಾನು ಎರಡು ಪದರ ಜೋಡಿಸಿ ಹೊಲಿದೆ. ಭಾನುವಾರ ಸಂಜೆಗೆ ಮನೆಯೊಳಗೆ ನೀಲಿ ದಾರಿಯೊಂದು ಹಾಸಿಕೊಂಡಿತು. ಅತ್ತೆ ಅದಕ್ಕೆ ಕಾಲುವೆ ಎಂದರು. ಬಾಬಿನ್ ಹತ್ತೇ ನಿಮಿಷದಲ್ಲಿ ಅದರ ಮೇಲೆ ಜಾರದೆ ಓಡುವುದನ್ನು ಕಲಿಯಿತು. ಬಂದವರೆಲ್ಲ ಕಾಲುವೆಯ ಮೇಲೇ ನಡೆಯುತ್ತಿದ್ದರು, ಅದು ಮಾತ್ರ ಯಾರಿಗೂ ದಾರಿ ಬಿಡುತ್ತಿರಲಿಲ್ಲ.

ಪ್ಯಾಂಟಿನ ಕಟ್ಟುಗಳನ್ನು ಎರಡೆರಡರಂತೆ ತಗ್ಗಾಗಿ ಇಟ್ಟೆವು. ಅವು ಮನೆ ತುಂಬ ಹರಡಿಕೊಂಡು ನಾವು ಗೋಡೆಗೊರಗಿ ಉಣ್ಣುವಂತಾಯಿತು. ಲೆಕ್ಕದ ಕೆಲಸ ಗಂಗೋತ್ರಿಯದು. ಅಪ್ಪನ ಮಾರ್ಕಿಂಗ್ ಚಾಕಿನಿಂದ ಬಾಗಿಲ ಹಿಂದೆ, ಒಂದು ಸಲ ಕಾಲು ಮಡಿಚಿದರೆ ಒಂದು ಗೀಟು. ಮೊದಲ ದಿನ ಇಪ್ಪತ್ತೆರಡು ಗೀಟು ಬಿದ್ದವು.

ತೂಕಕ್ಕೆ ಪ್ರತಿ ಸಲ ಆಸ್ಪತ್ರೆಗೆ ಹೋಗಲಾಗುತ್ತದೆಯೇ? ಶನಿವಾರ ಶನಿವಾರ ನಮ್ಮ ಓಣಿಗೆ ಸಣ್ಣಬಸಪ್ಪ ಬರುತ್ತಾನೆ. ಮನೆಮನೆಯ ಚಿಂದಿ ಬಟ್ಟೆಯನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವವನು. ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿದ ಸ್ಪ್ರಿಂಗ್ ಕಾಟಾ ಅವನದು. ಎರಡನೆಯ ಶನಿವಾರ ನಾನು ಬಾಬಿನ್ನಿಗೆಂದೇ ಹೊಲಿದ ಜೀನ್ಸ್ ಚೀಲದಲ್ಲಿ ಅದನ್ನು ಕೂರಿಸಿ, ಮುಖವೊಂದನ್ನೇ ಹೊರಗೆ ಬಿಟ್ಟು ಕೊಕ್ಕೆಗೆ ಹಾಕಿದೆವು. ಅದು ಜೋಕಾಲಿಯೆಂದು ತಿಳಿದು ಸಣ್ಣಬಸಪ್ಪನ ಕಿವಿ ನೆಕ್ಕಿತು. ಮುಳ್ಳು ಆರು ಕೆಜಿ ಆರುನೂರಕ್ಕೆ ನಿಂತಿತು.

ಓಣಿಯೆಲ್ಲ ಸಂತೋಷಪಟ್ಟಿತು. ಎರಡೇ ವಾರದಲ್ಲಿ ಎಂಟುನೂರು ಗ್ರಾಂ. ಯಜಮಾನರು ಡಾಕ್ಟರಿಗಿಂತ ತಮ್ಮ ನೀಲಿ ದಾರಿಯನ್ನು ಹೊಗಳಿದರು. ಗೋವರ್ಧನನಿಗೆ ಫೋನು ಹೋಯಿತು. ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. ಸೊಂಟ ಒತ್ತಿ, ಹುಬ್ಬು ಗಂಟಿಕ್ಕಿ, “ಕೈಗೇನು ಸಿಗವಲ್ದು,” ಎಂದರು. ಆದರೂ ಇಳಿದ ಮೇಲೆ ಇಳಿದಿದೆ ಎಂದು, ಮರುದಿನ ಹೋಳಿಗೆ ಮಾಡಿದರು. ಬಾಬಿನ್ನಿಗೂ ಒಂದು ಬಿತ್ತು, ತುಪ್ಪದ ಸಮೇತ. ಮೂರನೆಯ ವಾರ ನಾವೆಲ್ಲ ಹೀಗೆ ಉದಾರಿಗಳಾಗಿದ್ದೆವು.

ಆ ವಾರದ ಕೊನೆಯಲ್ಲಿ ಅತ್ತೆಯ ಸಮೇತ ನಗುನಗುತ್ತ ಆಸ್ಪತ್ರೆಗೆ ಹೋದೆವು. ಡಾಕ್ಟರು ನಾಯಿಯನ್ನು ಕಾಟಾದ ಮೇಲಿಟ್ಟರು, ಇಳಿಸಿದರು, ಮತ್ತೆ ಇಟ್ಟರು.

“ಏಳು ಆರುನೂರು,” ಎಂದರು. “ಇಳಿಸ್ರಿ ಅಂದಿದ್ದೆ, ಏರ್ಸೀರಲ್ಲ.”

ಇನ್ನು ಮೂರು ವಾರ ಉಳಿದಿದೆ, ಹೀಗೇ ಆದರೆ ತಾವು ತಿರುಪತಿಗೆ ಬರೆಯುವುದೇ ಸರಿ ಎಂದರು ಡಾಕ್ಟರು. ಗಂಗೋತ್ರಿಯ ಮುಖ ಸಣ್ಣದಾಯಿತು. ಬಸ್ ಸ್ಟ್ಯಾಂಡಿನವರೆಗೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಅಲ್ಲಿಂದ ಮುಂದೆ ಎಲ್ಲರೂ ಒಟ್ಟಿಗೇ ಮಾತಾಡಿದೆವು.

ಯಜಮಾನರು ತಾಯಿಯ ಹೋಳಿಗೆಯ ಮಾತನ್ನು ಎತ್ತಿದರು. ಒಂದು ಹೋಳಿಗೆ ಒಂದು ಕೆಜಿ ತೂಗುತ್ತದೇನೋ ಎಂದು ತಾಯಿ ಕೇಳಿದರು. ಕೇಳಿ, ದಿನಾ ಸಂಜೆ ಚಹಾದ ಜೊತೆ ಮಗನ ಅರ್ಧ ಬನ್ನು ಯಾರ ಬಾಯಿಗೆ ಹೋಗುತ್ತದೆ ಎಂಬುದನ್ನೂ ಹೇಳಿದರು. ನನಗದು ಗೊತ್ತಿರಲಿಲ್ಲ. ಯಜಮಾನರು ನನ್ನತ್ತ ತಿರುಗಿ, ಹಾಗಾದರೆ ಬೆಳಗಿನ ಹಾಲಿನ ಕೆನೆ ಎಲ್ಲಿ ಹೋಗುತ್ತದೆ ಎಂದರು. ನಾನು ಸೆರಗು ಸರಿಮಾಡಿಕೊಂಡೆ. ಪಾತ್ರೆಯ ಅಂಚಿನದಷ್ಟೇ, ಎಂದೆ. ಅಷ್ಟರಲ್ಲಿ ಗಂಗೋತ್ರಿ, ಶಾಲೆಯ ಮಧ್ಯಾಹ್ನದೂಟದ ಮೊಟ್ಟೆಯನ್ನು ತಾನು ಜೇಬಿನಲ್ಲಿ ತರುತ್ತಿದ್ದೆನೆಂದು ಯಾರೂ ಕೇಳದೆಯೇ ಒಪ್ಪಿಕೊಂಡಳು. ಅವಳ ಯೂನಿಫಾರ್ಮಿನ ಜೇಬು ಯಾಕೆ ವಾಸನೆ ಬರುತ್ತದೆಂದು ನಾನು ವಾರದಿಂದ ತಿಕ್ಕುತ್ತಿದ್ದೆ. ಬಾಬಿನ್ ಅವಳ ಹೆಗಲ ಮೇಲಿಂದ ನಮ್ಮನ್ನೆಲ್ಲ ಒಬ್ಬೊಬ್ಬರಂತೆ ಪ್ರೀತಿಯಿಂದ ನೋಡುತ್ತಿತ್ತು.

ಇಷ್ಟಾದರೂ ಅತ್ತೆಗೆ ಒಂದು ಪ್ರಶ್ನೆ ಉಳಿದಿತ್ತು. ಒಂದೇ ವಾರದಲ್ಲಿ ಒಂದು ಕೆಜಿ ಏರಲು ಅದೇನು ಆನೆಮರಿಯೇ? ಹೋದ ಶನಿವಾರ ತಮ್ಮ ಕೈಗೆ ಸಿಗದ ಇಳಿತ ಕಾಟಾಕ್ಕೆ ಹೇಗೆ ಸಿಕ್ಕಿತು?

ಆ ಶನಿವಾರ ಸಣ್ಣಬಸಪ್ಪ ಸೈಕಲ್ ನಿಲ್ಲಿಸುವ ಹೊತ್ತಿಗೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅಂಗಡಿಯಿಂದ ತರಿಸಿದ, ಸೀಲು ಒಡೆಯದ ಐದು ಕೆಜಿಯ ಗೋಧಿಹಿಟ್ಟಿನ ಚೀಲ. ನಾಯಿಗಿಂತ ಮುಂಚೆ ಇದನ್ನು ತೂಗಪ್ಪ ಎಂದರು. ಅವನು ನಗುತ್ತ ಕೊಕ್ಕೆಗೆ ಹಾಕಿದ. ಮುಳ್ಳು ನಾಲ್ಕು ನಾನೂರಕ್ಕೆ ನಿಂತಿತು. ಅವನ ನಗು ಅಲ್ಲೇ ನಿಂತಿತು.

“ಬಿಸಿಲಿಗೆ ಸ್ಪ್ರಿಂಗ್ ಹಿಗ್ಗೇದವ್ವ,” ಎಂದ.

“ಹಿಗ್ಗಿದ್ರ ಹೆಚ್ಚಿಗಿ ತೋರಸ್ಬೇಕಲ್ಲಪ್ಪ,” ಎಂದರು ಅತ್ತೆ.

ಸರ್ವಮಂಗಳಮ್ಮ ತಮ್ಮ ಚಿಂದಿ ಮೂಟೆಯನ್ನು ಹೊರಗೆ ತರುತ್ತಿದ್ದವರು ಹಾಗೇ ಒಳಗೆ ಒಯ್ದರು. ಕ್ಷಣದಲ್ಲಿ ಓಣಿಯ ಹೆಂಗಸರೆಲ್ಲ ಸೈಕಲ್ಲಿನ ಸುತ್ತ ಸೇರಿದರು. ಯಾರೂ ಕೂಗಾಡಲಿಲ್ಲ, ಎಷ್ಟು ವರ್ಷದಿಂದ ಎಂದು ಮಾತ್ರ ಕೇಳಿದರು. ಅವನು ಆಕಾಶ ನೋಡಿದ, ಸೈಕಲ್ಲಿನ ಬೆಲ್ಲು ಒರೆಸಿದ, ಕೊನೆಗೆ ಹೊಸ ಕಾಟಾ ತರುತ್ತೇನೆಂದು ಮಾತು ಕೊಟ್ಟು ಹೋದ. ಮುಂದಿನ ವಾರ ತಂದ. ಅವತ್ತಿನಿಂದ ಮೊದಲು ಹಿಟ್ಟಿನ ಚೀಲ, ಆಮೇಲೆ ನಾಯಿ, ಆಮೇಲೆ ಚಿಂದಿ ಎಂಬ ಕ್ರಮವಾಯಿತು. ಆ ಚೀಲವನ್ನು ಒಡೆಯಬಾರದೆಂದು ಓಣಿಯವರು ನನಗೆ ತಾಕೀತು ಮಾಡಿದರು.

ಅತ್ತೆ ಅಂದಿನಿಂದ ಬೇರೆಯವರಾದರು. ಕಾಟಾ ಸುಳ್ಳು ಹೇಳಿದ್ದು, ಡಾಕ್ಟರು ಹೇಳಿದ್ದು ನಿಜವಾದದ್ದು, ಎರಡೂ ಅವರಿಗೆ ನಾಟಿದ್ದವು. ಬಾಬಿನ್ನಿನ ತಟ್ಟೆಯನ್ನು ತಾವೇ ವಹಿಸಿಕೊಂಡರು. ಬೆಳಗ್ಗೆ ಅಂಗೈಯಷ್ಟು ರೊಟ್ಟಿ, ಬೇಯಿಸಿದ ಹೀರೆಕಾಯಿ, ಮೊಟ್ಟೆಯ ಬಿಳಿ. ಸಂಜೆ ಅಷ್ಟೇ. ನಾನು ಹಾಲು ಕಾಸುವಾಗ ಅವರು ಒಲೆಯ ಪಕ್ಕ ನಿಂತಿರುತ್ತಿದ್ದರು. ಯಜಮಾನರು ಬನ್ನನ್ನು ಓಣಿಯ ತಿರುವಿನಲ್ಲೇ ತಿಂದು, ಬಾಯಿ ಒರೆಸಿಕೊಂಡು ಬರತೊಡಗಿದರು. ಅತ್ತೆ ಅವರ ಅಂಗಿಯ ಮೇಲಿನ ಚೂರು ನೋಡಿ ಕಂಡುಹಿಡಿಯುತ್ತಿದ್ದರು. ಆದರೆ ನಾಯಿ ಕಣ್ಣಿಟ್ಟು ಕೂತಾಗ ಸ್ವತಃ ಅವರಿಗೇ ತುತ್ತು ಇಳಿಯುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಬಾಬಿನ್ ನೀಲಿ ಕಾಲುವೆಯ ಮೇಲೆ ಸುತ್ತಿಬಂದು ಗೋಡೆಗೂ ಅವರಿಗೂ ನಡುವೆ ನುಸುಳಿ ಕೂರುತ್ತಿತ್ತು.

“ಏಳ್ ಅತ್ಲಾಗ, ನಿನ್ನ ಮಾರಿ ನೋಡಿದ್ರ ನಾನು ಸೋಲ್ತೀನಿ,” ಎನ್ನುತ್ತಿದ್ದರು. ಸೋಲಲಿಲ್ಲ. ನಾಲ್ಕನೆಯ ವಾರ ಏಳು ಕೆಜಿ ಇನ್ನೂರು, ಐದನೆಯ ವಾರ ಆರು ಕೆಜಿ ಎಂಟುನೂರು. ಆ ದಿನ ಸೊಂಟ ಒತ್ತಿದಾಗ ಅವರ ಕೈಗೆ ಮೊದಲ ಸಲ ಎಲುಬು ಸಿಕ್ಕಿತು. ಕಣ್ಣಲ್ಲಿ ನೀರು ಬಂತು. ತಮ್ಮ ಕೈಯಿಂದ ಒಂದು ಜೀವ ಬಡವಾಯಿತಲ್ಲ ಎಂದು ಸೆರಗಲ್ಲಿ ಒರೆಸಿಕೊಂಡರು, ಮತ್ತೆ ನಕ್ಕರು.

ಬಾಗಿಲ ಹಿಂದಿನ ಗೀಟುಗಳೂ ಇಳಿಯುತ್ತಿದ್ದವು. ಇಪ್ಪತ್ತೆರಡಿದ್ದದ್ದು ಹದಿನಾಲ್ಕು, ಹತ್ತು, ಐದು. ಗೋವರ್ಧನನಿಗೆ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಓದುಬರಹ ಬಾರದ ಅತ್ತೆಯದೂ ಒಂದು ಲೆಕ್ಕ ನಡೆದಿತ್ತು. ತಮ್ಮ ಎಲೆಯಡಿಕೆ ಡಬ್ಬಿಯ ಒಂದು ಪಾಲಿನಲ್ಲಿ, ನಾಯಿ ಕಾಲು ಮಡಿಚಿದಾಗಲೆಲ್ಲ ಒಂದು ಹುರುಳಿಕಾಳು. ಎಂಬತ್ತು ಕುರಿಯಲ್ಲಿ ಒಂದು ತಪ್ಪಿದರೂ ಪತ್ತೆ ಹಿಡಿಯುವವರು. ಐದನೆಯ ಭಾನುವಾರ ಸಂಜೆ ಎಲೆಗೆ ಸುಣ್ಣ ಹಚ್ಚುವಾಗ ಕಾಳುಗಳನ್ನು ಅಂಗೈಗೆ ಸುರಿದುಕೊಂಡರು. ನಾನು ಪಕ್ಕದಲ್ಲೇ ದಾರ ಕತ್ತರಿಸುತ್ತಿದ್ದೆ. ಆ ದಿನದ್ದು ಒಂಬತ್ತು ಕಾಳಿದ್ದವು. ಬಾಗಿಲ ಹಿಂದೆ ನಾಲ್ಕೇ ಗೀಟು, ಅವುಗಳ ಪಕ್ಕ ಒದ್ದೆ ಬಟ್ಟೆಯಿಂದ ಒರೆಸಿದ ಕಲೆ.

ಗಂಗೋತ್ರಿ ಗೋಡೆಗಂಟಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಕಾಳುಗಳನ್ನು ಡಬ್ಬಿಗೆ ಸುರಿದು ಮುಚ್ಚಿದರು. ತಮ್ಮ ಕಣ್ಣಿಗೆ ಈಚೆಗೆ ಮಂಜು ಬಂದಿದೆ, ಒಂದಿದ್ದದ್ದು ಎರಡು ಕಾಣುತ್ತದೆ ಎಂದರು. ಬೆಳಗ್ಗೆ ತಾನೇ ಅವರು ನನ್ನ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿಕೊಟ್ಟಿದ್ದರು.

ಅತ್ತೆ ಹಿತ್ತಿಲಿಗೆ ಹೋದ ಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡೆ. ಕತ್ತರಿ ಕೊಟ್ಟು, ಒಂದು ಪ್ಯಾಂಟಿನ ದಾರ ತೆಗೆಯಲು ಹೇಳಿದೆ. ಕೈಗೆ ಕೆಲಸವಿದ್ದರೆ ಅವಳಿಗೆ ಮಾತು ಸಲೀಸು. ಯಾಕೆ ಒರೆಸಿದೆ ಎಂದು ಕೇಳಲಿಲ್ಲ. ಇವತ್ತು ಐದು ಸಲ ಹೆಚ್ಚಿಗೆ ಕುಂಟಿತಂತಲ್ಲ ಎಂದೆ.

“ಅದು ಕುಂಟಿದ್ದಲ್ಲಮ್ಮ, ಕುಣಿದದ್ದು,” ಎಂದಳು.

“ಐದು ಸಲವೂನಾ?”

“ಅಪ್ಪ ಬಂದ್ರಲ್ಲ, ಅದಕ್ಕ.” ಸ್ವಲ್ಪ ಹೊತ್ತು ದಾರ ಕತ್ತರಿಸಿದಳು. “ಗೀಟು ಹೆಚ್ಚಾದ್ರ ತಿರುಪತಿಗೆ ಒಯ್ತೀರಲ್ಲ.”

ಡಾಕ್ಟರಿಗೆ ಸರಿಯಾದ ಲೆಕ್ಕ ಬೇಕು ಎಂದೆ. ಸುಳ್ಳು ಕಾಟಾ ನಂಬಿ ಒಂದು ವಾರ ಹಾಳಾದದ್ದನ್ನು ನೆನಪಿಸಿದೆ. ತಲೆಯಾಡಿಸಿದಳು. ಮತ್ತೆ ಏನೋ ಕೇಳಲು ನನ್ನ ಮುಖ ನೋಡಿದಳು. ನಾನು ಕಾದೆ. ಅವಳು ಬಾಬಿನ್ನಿನ ಎಡ ಮಂಡಿಯನ್ನು ಹೆಬ್ಬೆರಳಿಂದ ಒಮ್ಮೆ ಸವರಿ, ಏನೂ ಕೇಳದೆ ಎದ್ದುಹೋಗಿ, ಬಾಗಿಲ ಹಿಂದೆ ಐದು ಗೀಟು ಎಳೆದು ಬಂದಳು. ನಾನು ಒತ್ತಾಯ ಮಾಡಲಿಲ್ಲ. ಬೇಯದ ಕಾಳನ್ನು ಅಮುಕಿ ನೋಡಿ ಏನು ಪ್ರಯೋಜನ?

ಆರನೆಯ ವಾರ ತಡೆಯಲಾರದೆ ಗೋವರ್ಧನ್ ರಜೆ ಹಾಕಿ ಬಂದ. ಅಪ್ಪ ಕಳಿಸಿದ ರಾಗಿ ಚೀಲ ಒಂದು ಹೆಗಲಲ್ಲಿ, ಇನ್ನೊಂದರಲ್ಲಿ ನಾಯಿಯನ್ನು ಒಯ್ಯುವ ಕಿಟಕಿಯಿದ್ದ ಬುಟ್ಟಿ. ತಿರುಪತಿಗೆ ತಯಾರಾಗಿಯೇ ಬಂದಿದ್ದ. ಬಾಬಿನ್ ಬುಟ್ಟಿಯೊಳಗೆ ಹೊಕ್ಕು, ಮೂಸಿ, ಹೊರಗೆ ಬಂದು ಅದರ ಮುಚ್ಚಳದ ಮೇಲೆ ಮಲಗಿತು. ಇಷ್ಟು ಸಣ್ಣಗಾಗಿದೆಯಲ್ಲ ಎಂದು ಅವನು ಬೆರಗಾದ. ಅತ್ತೆ ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದರು.

ಸೋಮವಾರ ಐದು ಜನವೂ ಆಸ್ಪತ್ರೆಗೆ ಹೊರಟೆವು. ಅಷ್ಟು ಜನ ಒಂದು ನಾಯಿಯ ಜೊತೆ ಬಂದದ್ದನ್ನು ನೋಡಿ ಕುರಿಯವರು ತಾವಾಗಿಯೇ ದಾರಿ ಬಿಟ್ಟರು.

ಡಾಕ್ಟರ ಕಾಟಾ ಆರು ಕೆಜಿ ಐನೂರು ತೋರಿಸಿತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಇದನ್ನು ಮಾಡಿದವರು ಯಾರು ಎಂದರು. ಎಲ್ಲರೂ ಅತ್ತೆಯನ್ನು ತೋರಿಸಿದೆವು. ಅವರು ತಲೆಮೇಲಿನ ಸೆರಗು ಎಳೆದುಕೊಂಡರು. ಗಂಗೋತ್ರಿ ತನ್ನ ಲೆಕ್ಕ ಒಪ್ಪಿಸಿದಳು. ಮೊದಲ ದಿನ ಇಪ್ಪತ್ತೆರಡು, ನಿನ್ನೆ ಏಳು. ಏಳು ಎನ್ನುವಾಗ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಹೌದೆಂದು ತಲೆಯಾಡಿಸಿದರು.

ಡಾಕ್ಟರು ಬಾಬಿನ್ನನ್ನು ವರಾಂಡದಲ್ಲಿ ನಡೆಸಿ ನೋಡಿದರು. ಹೋಗುವಾಗ ಒಂದು ಸಲ ಕಾಲು ಮಡಿಚಿತು, ಬರುವಾಗ ಇಲ್ಲ. ಆಮೇಲೆ ಮೇಜಿನ ಮೇಲೆ ಮಲಗಿಸಿ ಮಂಡಿ ಹಿಡಿದರು. ಚಿಪ್ಪನ್ನು ಹೆಬ್ಬೆರಳಿಂದ ಪಕ್ಕಕ್ಕೆ ನೂಕಿದರು, ಬಿಟ್ಟರು. ಅದು ತಾನೇ ಜಾಗಕ್ಕೆ ಬಂತು. ಮತ್ತೆ ನೂಕಿದರು, ಬಿಟ್ಟರು. ಬಾಬಿನ್ ಅಂಗಾತ ಮಲಗಿ, ಅವರ ಸ್ಟೆತಾಸ್ಕೋಪಿನ ತುದಿಯನ್ನು ಎರಡೂ ಮುಂಗಾಲಲ್ಲಿ ಹಿಡಿದು ಕಚ್ಚುತ್ತಿತ್ತು. ಬಾಲ ಮೇಜಿಗೆ ಪಟಪಟ ಬಡಿಯುತ್ತಿತ್ತು.

ಹಂತ ಮೊದಲಿದ್ದಷ್ಟೇ ಇದೆ ಎಂದರು ಡಾಕ್ಟರು. ಹೆಚ್ಚಾಗಿಲ್ಲ, ಪೂರ್ತಿ ಹೋಗಿಯೂ ಇಲ್ಲ. ಹೋಗುವಂಥದ್ದೂ ಅಲ್ಲ. ಬೇಕೆಂದರೆ ಈಗಲೇ ತಿರುಪತಿಗೆ ಬರೆದುಕೊಡಬಹುದು, ಬೇಡವೆಂದರೆ ಹೀಗೇ ತೂಕ ಕಾಯ್ದುಕೊಂಡು ಇಡಬಹುದು.

“ಎರಡಕ್ಕೂ ನಾ ತಪ್ಪು ಅನ್ನಂಗಿಲ್ಲ,” ಎಂದು ಪೆನ್ನು ಕೈಗೆ ತಗೊಂಡರು. “ಈಗ ಮನ್ಯಾಗಿನವ್ರು ಹೇಳ್ರಿ.”

ಮನೆಯವರು ಹೇಳತೊಡಗಿದೆವು. ಬಂದದ್ದು ಬಂದಾಗಿದೆ, ಬುಟ್ಟಿಯೂ ಇದೆ, ವಯಸ್ಸಾದ ಮೇಲೆ ಕಷ್ಟ, ಈಗಲೇ ಮಾಡಿಸಿ ಮುಗಿಸಿ ಎಂದ ಗೋವರ್ಧನ್. ಹೀಗೆ ನಡೆಯುವ ಪ್ರಾಣಿಗೆ ಚಾಕು ಹಾಕಿಸುವವರು ಯಾರಾದರೂ ಇದ್ದಾರೆಯೇ ಎಂದು ಅತ್ತೆ ಅಲ್ಲಿದ್ದ ಕುರಿಯವರನ್ನೇ ಕೇಳಿದರು. ಅವರಲ್ಲಿ ಇಬ್ಬರು ಅತ್ತೆಯ ಕಡೆಯಾದರು, ಎಮ್ಮೆ ತಂದಿದ್ದವನೊಬ್ಬ ತಮ್ಮನ ಕಡೆ. ಯಜಮಾನರು ಇಬ್ಬರ ಮಾತಿಗೂ ಹೌದು ಹೌದು ಎನ್ನುತ್ತ, ಹೊಲಿಗೆ ಎಷ್ಟು ಬೀಳುತ್ತವೆ, ಬಿಚ್ಚುವುದು ಯಾವಾಗ ಎಂದು ವಿಚಾರಿಸುತ್ತಿದ್ದರು. ನಾನೂ ಸುಮ್ಮನಿರಲಿಲ್ಲ. ದಸರಾ ಸೀಸನ್ನಿನ ಕಟ್ಟುಗಳು ಬರುತ್ತಿವೆ, ಎರಡು ತಿಂಗಳು ಕಟ್ಟಿಹಾಕಿದರೆ ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ತಾವೇ ಎಂದರು ಅತ್ತೆ, ಬೇಡವೆನ್ನುತ್ತಿದ್ದವರು ತಾವೇ ಎಂಬುದನ್ನು ಮರೆತು. ಗೋವರ್ಧನ್ ನಕ್ಕ. ಅತ್ತೆಯೂ ನಕ್ಕರು, ಆದರೆ ಪಟ್ಟು ಬಿಡಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು.

ಆಗ ಯಾರೋ ಅವರ ಬಿಳಿ ಕೋಟಿನ ಅಂಚು ಹಿಡಿದು ಎಳೆದರು. ಡಾಕ್ಟರು ಬಗ್ಗಿದರು. ಗಂಗೋತ್ರಿ ಒಂದು ಕೈಯನ್ನು ಬಾಬಿನ್ನಿನ ಹೊಟ್ಟೆಯ ಮೇಲಿಟ್ಟುಕೊಂಡು, ನಮ್ಮೆಲ್ಲರ ಮಾತನ್ನು ದಾಟಿ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು:

“ಸಾರ್, ಅದಕ್ಕ ನೋವಾಗ್ತದೇನ್ರಿ?”